ಜಡೆಯ ಗದ್ದೆಗೆ ಬಾಕಿ ಇದ್ದ ರಾತ್ರಿಗಳು

ಪಶು ಆಸ್ಪತ್ರೆಯ ಬೀಗ ತೆಗೆಯುವ ಮೊದಲೇ ಆ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದರು. ಉಡುತಡಿ ಕಡೆಯ ರೈತ ಮಹಿಳೆ. ಕೈಯಲ್ಲಿ ಕೋಳಿ ಇರಲಿಲ್ಲ, ಹಿಂದೆ ಕರು ಇರಲಿಲ್ಲ. ಏನಾಗಿದೆಯಮ್ಮಾ ಎಂದೆ.

“ನಮ್ ಗದ್ದ್ಯಾಗ ಕುರಿ ನಿಲ್ಸೀವಿ ಮೇಡಂ. ರಾತ್ರಿಯೆಲ್ಲ ಕೆಮ್ತಾವೆ. ಕೆಮ್ಮೋ ಕುರಿ ಗೊಬ್ಬರ ಬಿದ್ರೆ ಮುಂದಿನ ಭತ್ತಕ್ಕೆ ಏನಾರ ಆಗತೈತೇನ್ರೀ?”

ನನ್ನ ಕೆಲಸದ ಬದುಕಿನಲ್ಲಿ ಅತಿ ಹೆಚ್ಚು ಸಿಟ್ಟು ಮಾಡಿಕೊಂಡ ದಿನಗಳು ಶುರುವಾದದ್ದು ಹೀಗೆ. ಕುರಿಗೆ ಏನಾಗಿದೆ ಎಂದು ಆಕೆ ಕೇಳಲಿಲ್ಲ. ಭತ್ತಕ್ಕೆ ಏನೂ ಆಗುವುದಿಲ್ಲ ಎಂದು ಹೇಳಿ, ಸ್ಕೂಟರ್ ತೆಗೆದು ಅವರನ್ನೇ ಹಿಂದೆ ಕೂರಿಸಿಕೊಂಡು ಹೊರಟೆ.

ನಮ್ಮ ಕಡೆ ಭತ್ತದ ಕೊಯ್ಲು ಮುಗಿಯುತ್ತಲೇ ಬಯಲುಸೀಮೆಯ ಕುರಿ ಹಿಂಡುಗಳು ಬಂದಿಳಿಯುತ್ತವೆ. ಹಗಲು ಕೂಳೆ ಮೇಯುತ್ತವೆ, ರಾತ್ರಿ ಒಬ್ಬೊಬ್ಬರ ಗದ್ದೆಯಲ್ಲಿ ಬಲೆಯ ಆವರಣದೊಳಗೆ ಮಲಗುತ್ತವೆ. ಹಿಕ್ಕೆ, ಗಂಜಲ ಗದ್ದೆಗೆ. ಭತ್ತ, ಊಟ ಕುರಿಗಾಹಿಗೆ. ಯಾರ ಗದ್ದೆಯಲ್ಲಿ ಎಷ್ಟು ರಾತ್ರಿ, ಯಾರದು ಮೊದಲು ಎನ್ನುವುದು ಹಿಂಡು ಬಂದ ದಿನವೇ ಎಲೆ ಅಡಿಕೆ ಕೊಟ್ಟು ನಿಗದಿಯಾಗುತ್ತದೆ. ಅದಕ್ಕೆ ಪಾಳಿ ಎನ್ನುತ್ತಾರೆ. ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ. ನಮ್ಮ ಶಿಕಾರಿಪುರ ತಾಲ್ಲೂಕಿನ ಗದ್ದೆಗಳು ಮುಗಿದರೆ ಹಿಂಡು ಬಂದಳಿಕೆ ದಾಟಿ ಸೊರಬದ ಕಡೆಗೆ, ಜಡೆಯವರೆಗೆ ಹೋಗುತ್ತದೆ. ಪ್ರತಿ ವರ್ಷ ಅದೇ ಹಿಂಡು, ಅದೇ ಗದ್ದೆ, ಅದೇ ದಾರಿ. ಒಂದು ವರ್ಷ ಗದ್ದೆಯವರು ಬೇಡ ಎಂದುಬಿಟ್ಟರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಬೇಸಿಗೆಗೆ ಮೊದಲು ಹಿಂಡಿಗೆ ಮೇವು ಸಿಗುವ ಬೇರೆ ಜಾಗ ಕುರಿಗಾಹಿಗಳಿಗೆ ಇಲ್ಲ.

ಗದ್ದೆಯಲ್ಲಿ ಕಂಡದ್ದು ಬರೀ ಕೆಮ್ಮಲ್ಲ. ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದ ಕುರಿಗಳ ರೆಪ್ಪೆ ಊದಿ ಕಣ್ಣು ಮುಚ್ಚಿತ್ತು. ಮೂಗಿನಲ್ಲಿ ಗಟ್ಟಿ ಸಿಂಬಳ. ಬಾಲ ಎತ್ತಿ ನೋಡಿದರೆ ಉಣ್ಣೆಯಿಲ್ಲದ ಚರ್ಮದ ತುಂಬ ಕೆಂಪು ಗಂಟುಗಳು, ಕೆಚ್ಚಲಿನ ಮೇಲೆ, ತೊಡೆಯ ಸಂದಿಯಲ್ಲಿ, ತುಟಿಯ ಮೇಲೆ. ಕೆಲವು ಆಗಲೇ ಒಣಗಿ ಕಪ್ಪು ಚಕ್ಕೆ ಕಟ್ಟಿದ್ದವು. ಕುರಿ ಸಿಡುಬು. ಆಮೇಲೆ ಹಿಂಡಿನ ಜೊತೆಗಿದ್ದ ಹಾಲಿನ ಮೇಕೆಗಳನ್ನು ನೋಡಿದೆ. ಅವುಗಳ ಕಿವಿಯಲ್ಲೂ ಅದೇ ಗಂಟು. ಕುರಿಯ ಸಿಡುಬು ಸಾಮಾನ್ಯವಾಗಿ ಮೇಕೆಗೆ ಸುಲಭಕ್ಕೆ ದಾಟುವುದಿಲ್ಲ, ಇದು ದಾಟಿತ್ತು. ನಮ್ಮ ಊರುಗಳಲ್ಲಿ ಕುರಿ ಸಾಕುವವರು ಕಡಿಮೆ, ಮೇಕೆ ಮಾತ್ರ ಮನೆಮನೆಯಲ್ಲೂ ಇದೆ.

ಕುರಿಗಾಹಿ ನನ್ನ ತಂದೆಯ ವಯಸ್ಸಿನವರು, ಹಾವೇರಿ ಕಡೆಯವರು. ಹೆಂಡತಿಯೂ ಜೊತೆಗಿದ್ದರು. ನಾನು ಕಾಯಿಲೆಯ ಹೆಸರು ಹೇಳುವ ಮೊದಲೇ ಅವರು ಕೈ ಮುಗಿದರು.

“ಅಮ್ಮ ಬಂದಾಳ್ರಿ ಅಕ್ಕಾರ. ನಮಗ ಗೊತ್ತೈತಿ.”

ಇನ್ನು ದೇವಿಗೂ ಸೂಜಿಗೂ ಜಗಳ ಶುರುವಾಗುತ್ತದೆ ಎಂದು ಯಾರಾದರೂ ಎಣಿಸಿದರೆ, ನಾನೂ ಹಾಗೇ ಎಣಿಸಿದ್ದೆ. ಆಗಲಿಲ್ಲ. ಆ ಮನುಷ್ಯ ಬಲೆಯ ಗೂಟಕ್ಕೆ ಬೇವಿನ ಸೊಪ್ಪು ಸಿಕ್ಕಿಸಿ, ಬಂದು ಒಂದೊಂದೇ ಕುರಿಯನ್ನು ಕೆಡವಿ ನನಗೆ ಹಿಡಿದುಕೊಟ್ಟರು. ಚಕ್ಕೆಗಳನ್ನು ಕೆರೆದು ಸೀಸೆಗೆ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಲು ಸಿದ್ಧ ಮಾಡಿದೆ. ವೈರಸ್ಸಿಗೆ ಔಷಧ ಇಲ್ಲ, ಹುಣ್ಣು ಕೀವಾಗದಂತೆ, ನೊಣ ಕೂರದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದೆ. ಜಡ್ಡಿನವು ಬೇರೆ, ಚೆನ್ನಾಗಿರುವವು ಬೇರೆ ಮಾಡಿ ಎಂದೆ. ಹಿಂಡು ಇಲ್ಲಿಂದ ಕದಲಬಾರದು ಎಂದೆ. ಎಲ್ಲದಕ್ಕೂ ತಲೆಯಾಡಿಸಿದರು.

ಗದ್ದೆಯ ಒಡತಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಎಷ್ಟು ದಿನ ಮೇಡಂ?”

“ವಾಸಿಯಾಗೋವರೆಗೆ. ತಿಂಗಳ ಮೇಲೇ ಆಗಬಹುದು.”

“ತಿಂಗಳಾ? ಮೂರು ರಾತ್ರಿ ನಿಲ್ಸಿದ್ರೆ ಭತ್ತ ಚಲೋ ಬರತೈತಿ. ತಿಂಗಳು ನಿಲ್ಸಿದ್ರೆ ಬರೀ ಎಲೆ ಬೆಳೆದು ಮಲಗಿಬಿಡತೈತಿ. ಬ್ಯಾಡವೇ ಬ್ಯಾಡ.”

ಅವರು ಹೇಳಿದ್ದು ನಿಜ. ಅತಿಯಾದ ಗೊಬ್ಬರಕ್ಕೆ ಪೈರು ನೆಲಕ್ಕೆ ಮಲಗುತ್ತದೆ. ಇಡೀ ತಾಲ್ಲೂಕಿಗೆ ಕುರಿ ಗೊಬ್ಬರ ಬೇಕು, ಆದರೆ ಕುರಿ ಯಾರಿಗೂ ಬೇಡ. ಕೊನೆಗೆ ಗದ್ದೆಯ ಮೇಲ್ಗಡೆ ತಮ್ಮದೇ ಹಕ್ಕಲು ಇದೆ, ಬೆಳೆ ತೆಗೆಯದ ಜಾಗ, ಅಲ್ಲಿ ಬೇಕಾದರೆ ಇರಲಿ ಎಂದರು. ಅವರ ಮೇಕೆಗಳು ಮೇಯುವುದು ಅಲ್ಲೇ. ಮಳೆ ಬೀಳುವವರೆಗೆ ಮೇಕೆಗಳನ್ನು ಅತ್ತ ಬಿಡುವ ಹಾಗಿಲ್ಲ ಎಂದು ನಾನು ಹೇಳಿದಾಗ ಮುಖ ಸಣ್ಣದು ಮಾಡಿಕೊಂಡು, ಆಯ್ತು ಬಿಡ್ರಿ, ಸೊಪ್ಪು ಕಡಿದು ಹಾಕ್ತೀನಿ ಎಂದರು. ಆ ದಿನ ಬೇರೆಯವರಿಗೋಸ್ಕರ ಏನನ್ನಾದರೂ ಬಿಟ್ಟುಕೊಟ್ಟವರು ಆಕೆಯೊಬ್ಬರೇ.

ಮಧ್ಯಾಹ್ನವಿಡೀ ಇಲಾಖೆಯ ಕಚೇರಿಗೆ ಫೋನು. ಲಸಿಕೆ ಬೇಕು ಎಂದೆ. ಇದೆ, ಕಳಿಸುತ್ತೇವೆ ಎಂದರು. ಮೇಕೆಯದು ಬೇಕು, ಕುರಿಯದಲ್ಲ ಎಂದೆ. ಕಾಯಿಲೆ ಕುರಿಗೆ ಬಂದಿದೆ ಎಂದು ನೀವೇ ಬರೆದಿದ್ದೀರಲ್ಲ ಎಂದರು. ಕಾಯಿಲೆ ಬಂದದ್ದಕ್ಕೆ ಲಸಿಕೆ ಹಾಕುವುದಿಲ್ಲ ಸ್ವಾಮಿ, ಬರದೇ ಇರುವುದಕ್ಕೆ ಹಾಕುವುದು, ಇಲ್ಲಿ ಬರದೇ ಇರುವುದು ಊರಿನ ಮೇಕೆಗಳಿಗೆ ಎಂದು ವಿವರಿಸಿದೆ. ಸೊರಬದ ಸಹೋದ್ಯೋಗಿಗೆ ಹೇಳಿದರೆ, ನಿಮ್ಮ ತಾಲ್ಲೂಕಿನ ಹಿಂಡು, ನಮ್ಮ ಗಡಿ ದಾಟಿದಾಗ ನೋಡೋಣ ಎಂದು ನಕ್ಕರು. ದಾಟಿದ ಮೇಲೆ ನೋಡುವುದಕ್ಕೆ ಏನುಳಿದಿರುತ್ತದೆ ಎಂದು ಕೇಳಬೇಕೆನಿಸಿತು. ಮುಂದೆ ಅವರ ಸಹಾಯ ಬೇಕಾಗುತ್ತದೆ ಎಂದು ಫೋನಿಟ್ಟೆ.

ಮರುದಿನ ಬೆಳಿಗ್ಗೆ ಹಕ್ಕಲಿಗೆ ಹೋದರೆ ಅರ್ಧ ಹಿಂಡು ಮಾಯ. ಜಡ್ಡಿನ ಕುರಿಗಳು, ಮರಿಗಳು, ಮೇಕೆಗಳು ಕಂಬಳಿಯ ನೆರಳಿನಲ್ಲಿದ್ದವು. ಕುರಿಗಾಹಿಯ ಹೆಂಡತಿ ಅಲ್ಲೇ ರೊಟ್ಟಿ ಬಡಿಯುತ್ತಿದ್ದರು.

“ಚಲೋ ಇದ್ದವನ್ನ ಹೊಡ್ಕೊಂಡು ಜಡಿ ಕಡೆ ಹೋಗ್ಯಾರ್ರಿ” ಎಂದರು, ಸಂತೆಗೆ ಹೋಗಿದ್ದಾರೆ ಎಂಬಂತೆ.

ಮೈ ಉರಿದುಹೋಯಿತು. ಚೆನ್ನಾಗಿ ಕಾಣುವ ಕುರಿಯೇ ಹೆಚ್ಚು ಅಪಾಯ. ರೋಗ ಮೈ ಹೊಕ್ಕು ಹತ್ತು ಹನ್ನೆರಡು ದಿನ ಏನೂ ತೋರಿಸುವುದಿಲ್ಲ, ಆಮೇಲೆ ಒಮ್ಮೆಗೇ ಜ್ವರ, ಗಂಟು. ಆ ಹಿಂಡು ಜಡೆಯ ಗದ್ದೆ ತಲುಪುವ ಹೊತ್ತಿಗೆ ಸರಿಯಾಗಿ ಅದು ಶುರುವಾಗುತ್ತಿತ್ತು. ಸ್ಕೂಟರ್ ಓಡಿಸಿದೆ. ಬಂದಳಿಕೆಯ ಹಳೆಯ ದೇವಾಲಯಗಳ ಹತ್ತಿರ ಹಿಂಡು ಸಿಕ್ಕಿತು. ಕಲ್ಲುಗಳ ನೆರಳಿನಲ್ಲಿ ಕುರಿಗಳು ಮೆಲುಕು ಹಾಕುತ್ತಿದ್ದವು, ಅವರು ಕೋಲಿಗೆ ಗದ್ದ ಊರಿ ಕೂತಿದ್ದರು. ನಾನು ಕೂಗಾಡಿದೆ. ಕದಲಬಾರದು ಎಂದು ಹೇಳಿರಲಿಲ್ಲವೇ, ತಲೆಯಾಡಿಸಿದ್ದು ಯಾತಕ್ಕೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನೀವ ಹೇಳಿದ್ರಲ್ರಿ ಅಕ್ಕಾರ, ಜಡ್ಡಿನವು ಬ್ಯಾರೆ, ಚಲೋವು ಬ್ಯಾರೆ ಮಾಡ್ರಿ ಅಂತ. ಮಾಡೀನಿ.”

“ಬೇರೆ ಅಂದರೆ ಬೇರೆ ಊರಿಗಾ?”

“ಅಲ್ಲೇ ಬಾಜೂಕ ಇಟ್ರ ಜಡ್ಡಿನ ಗಾಳಿ ಬಡೀತೈತಿ. ದೂರ ಇದ್ದಷ್ಟು ಚಲೋ ಅಲ್ಲೇನ್ರಿ? ಅದೂ ಅಲ್ದ ಜಡಿ ಗದ್ದಿಗೆ ಮೂರು ರಾತ್ರಿ ಬಾಕಿ ಅದಾವು. ಮಾತು ಕೊಟ್ಟೀನಿ. ಅವರು ಮುಂಗಡ ಕೊಟ್ಟ ಭತ್ತ ಉಂಡೀನಿ.”

“ರೋಗ ಹೋಗುತ್ತೆ ಅಲ್ಲಿಗೆ.”

“ಮಾತು ತಪ್ಪಿದ್ರ ಮುಂದಿನ ವರ್ಷ ನನ್ನ ಆ ಕಡೆ ಯಾರು ಕರೀತಾರ್ರಿ?”

ಪೊಲೀಸರಿಗೆ ಹೇಳುತ್ತೇನೆ ಎಂದು ಹೆದರಿಸಬಹುದಿತ್ತು. ಹೆದರಿ ನನ್ನ ಮುಂದೆ ವಾಪಸು ಹೊರಟು, ನಾನು ಮರೆಯಾದ ಮೇಲೆ ಒಳದಾರಿಯಲ್ಲಿ ಜಡೆಗೇ ಹೋಗುತ್ತಿದ್ದರು. ಮಾತಿಗೆ ತಪ್ಪುವ ಮನುಷ್ಯರಲ್ಲ, ಅದೇ ತೊಂದರೆಯಾಗಿತ್ತು. ಕೊಟ್ಟ ಮಾತು ಕಾಲಿಗೆ ಕಟ್ಟಿಕೊಂಡಿತ್ತು. ಮಾತನ್ನು ಮುರಿಯಿರಿ ಎಂದು ಇವರಿಗೆ ಹೇಳುತ್ತ ನಿಲ್ಲುವ ಬದಲು, ಮಾತು ತೆಗೆದುಕೊಂಡವರ ಹತ್ತಿರವೇ ಹೋಗಿ ಬಿಡಿಸಿಕೊಂಡು ಬರುವುದು ಸರಿ ಎಂದು ಅಲ್ಲೇ ತೀರ್ಮಾನಿಸಿದೆ. ಹಿಂಡು ಇಲ್ಲೇ ಇರಲಿ, ಜಡೆಯವರ ಬಾಯಿಂದಲೇ ಹೇಳಿಸುತ್ತೇನೆ, ಆಗ ಹಿಂತಿರುಗುತ್ತೀರಾ ಎಂದು ಕೇಳಿದೆ.

“ಅವರ ಬಾಯಿಂದ ಬಂದ್ರ ತಿರುಗತೀನ್ರಿ” ಎಂದರು.

ಜಡೆಯ ಆ ರೈತರ ಮನೆ ಬಸ್ಸಿನ ರಸ್ತೆಗೆ ಹತ್ತಿರ. ಅಂಗಳದಲ್ಲಿ ಮೇಕೆಗಳಿದ್ದವು, ಅದಕ್ಕೆ ನಾನು ಗೇಟಿನ ಹೊರಗೇ ನಿಂತೆ. ಒಳಗೆ ಬಂದು ಕಾಫಿ ಕುಡಿಯದೆ ಮಾತಾಡುವುದು ಎಂಥ ಪದ್ಧತಿ ಎಂದು ಅವರು ಮೊದಲೇ ಮುನಿಸಿಕೊಂಡರು. ನನ್ನ ಬಟ್ಟೆಯಲ್ಲಿ ರೋಗ ಇರಬಹುದು ಎಂದೆ. ಬಟ್ಟೆ ಚೆನ್ನಾಗೇ ಕಾಣ್ತದಲ್ಲ ಎಂದರು. ಕುರಿಯ ಊದಿದ ಮುಖದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು.

“ಮೋರೆ ಕಟ್ಕಂಡು ನಂಗೆ ಎಂತ ಆಗ್ಬೇಕು ಮಾರಾಯ್ರೆ? ನಂಗೆ ಬೇಕಾದ್ದು ಹಿಂದ್ಗಡೆಯಿಂದ ಬೀಳಾದು.”

ನಗು ಬಂತು, ಸಿಟ್ಟೂ ಬಂತು, ಎರಡನ್ನೂ ನುಂಗಿಕೊಂಡೆ. ರೋಗದ ವೈರಸ್ ಒಣ ಚಕ್ಕೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಗೊಬ್ಬರದ ಜೊತೆ ಅದೂ ಬೀಳುತ್ತದೆ ಎಂದೆ. ಬಿಸಿಲಿಗೆ ಸಾಯ್ತದೆ ಎಂದರು. ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇದ್ದದ್ದು ನನ್ನನ್ನು ಇನ್ನಷ್ಟು ಕೆರಳಿಸಿತು. ಪಕ್ಕದ ಗದ್ದೆಯವರಿಗೆ ಕುರಿ ನಿಂತು, ತಮಗೆ ನಿಲ್ಲದಿದ್ದರೆ ಮರ್ಯಾದೆ ಏನಾಗಬೇಕು ಎಂದರು. ಹೀಗೆ ಗೇಟಿನ ಆಚೆ ಅವರು, ಈಚೆ ನಾನು. ಅಷ್ಟರಲ್ಲಿ ಅವರ ಹೆಂಡತಿ ಮೊರ ಹಿಡಿದುಕೊಂಡು ಜಗುಲಿಗೆ ಬಂದರು. ಮೊಬೈಲ್ ಇಸಿದುಕೊಂಡು ಫೋಟೋ ನೋಡಿದರು.

“ಇದು ಮೇಕೆಗೂ ಬರ್ತದ?”

“ಬಂದಿದೆ. ಗಬ್ಬದ ಮೇಕೆಗೆ ಬಂದರೆ ಕಂದು ಹಾಕುತ್ತೆ, ಹೊಟ್ಟೆಯಲ್ಲಿರೋ ಮರಿ ಹೋಗುತ್ತೆ.”

ಅಂಗಳದಲ್ಲಿದ್ದ ಮೇಕೆಗಳಲ್ಲಿ ಎರಡಕ್ಕೆ ಹೊಟ್ಟೆ ಬಂದಿತ್ತು. ಆಕೆ ಗಂಡನತ್ತ ತಿರುಗಿ, “ಫೋನ್ ಮಾಡಿ ಹೇಳಿ, ಬರಾದ್ ಬ್ಯಾಡ ಅಂತ” ಎಂದು ಒಳಗೆ ಹೋದರು. ಮತ್ತೆ ಚರ್ಚೆ ನಡೆಯಲಿಲ್ಲ. ಯಜಮಾನರು ನನ್ನ ಫೋನಿನಲ್ಲೇ ಕುರಿಗಾಹಿಗೆ ಹೇಳಿದರು: “ನೋಡು, ಈಗ ಬರಾದ್ ಬ್ಯಾಡ. ವಾಸಿ ಮಾಡ್ಕಂಡು ಬಾ. ನನ್ನ ರಾತ್ರಿ ನಂಗೆ ಬಾಕಿ ಇರ್ಲಿ. ಮುಂದಿನ ವರ್ಷ ಮೊದಲ್ನೇ ಪಾಳಿನೂ ನಂದೇ, ತಿಳೀತಾ?” ಆ ಕೊನೆಯ ಮಾತು ಸೇರಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲವೇನೋ.

ಹಿಂಡು ಹಿಂತಿರುಗಿತು. ಊರ ಮೇಕೆಗಳು ಮೇಯುವ ಜಾಗಗಳನ್ನು ತಪ್ಪಿಸಿ, ಬಳಸುದಾರಿಯಲ್ಲಿ ನಾನೇ ಮುಂದೆ ನಿಂತು ಕರೆತಂದೆ. ಆ ಅರ್ಧ ಹಿಂಡನ್ನು ಹಕ್ಕಲಿನ ಇನ್ನೊಂದು ತುದಿಯಲ್ಲಿ ಇರಿಸಿದೆವು. ಅವುಗಳಲ್ಲೂ ಎಷ್ಟೋ ಕುರಿಗಳಿಗೆ ಮುಂದಿನ ವಾರ ಗಂಟು ಎದ್ದಿತು. ಆ ಗಂಟು ನೋಡಿದಾಗ ಕುರಿಗಾಹಿ ಜಡೆಯ ದಿಕ್ಕಿಗೆ ತಿರುಗಿ ಒಂದು ನಿಟ್ಟುಸಿರು ಬಿಟ್ಟರು.

ಮುಂದಿನ ದಿನಗಳ ಕೆಲಸಕ್ಕೆ ಒಂದು ಕ್ರಮವಿತ್ತು, ಆ ಕ್ರಮಕ್ಕೆ ದಿನಕ್ಕೊಂದು ಅಡ್ಡಿಯೂ ಇತ್ತು. ಬೆಳಿಗ್ಗೆ ಸ್ನಾನ ಮಾಡಿ ಒಗೆದ ಬಟ್ಟೆಯಲ್ಲಿ ಊರಿನ ಮೇಕೆಗಳ ಲಸಿಕೆ. ಹೊರಗಿನ ಊರುಗಳಿಂದ ಶುರು ಮಾಡಿ ಒಳಕ್ಕೆ, ಹಕ್ಕಲಿನ ಕಡೆಗೆ ಬರಬೇಕು. ಅದು ಮುಗಿದ ಮೇಲೆ ಮಾತ್ರ ಹಿಂಡಿನ ಹತ್ತಿರ. ಹಿಂಡು ಮುಟ್ಟಿದ ಮೇಲೆ ಆ ದಿನ ಬೇರೆ ಯಾವ ಪ್ರಾಣಿಯನ್ನೂ ಮುಟ್ಟುವ ಹಾಗಿಲ್ಲ. ಜನರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಹಕ್ಕಲಿನಿಂದ ಹೊರಡುವಾಗ ಯಾರೋ ಅಡ್ಡ ಹಾಕಿ, ಹೇಗೂ ಬಂದಿದ್ದೀರಿ, ನಮ್ಮ ಎಮ್ಮೆಯನ್ನೂ ನೋಡಿಬಿಡಿ ಎನ್ನುತ್ತಿದ್ದರು. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬೂಟು ತೊಳೆಯುತ್ತಿದ್ದರೆ, ಮೇಡಂಗೆ ಮಡಿ ಜಾಸ್ತಿ ಎಂದು ನಗುತ್ತಿದ್ದರು.

ಮೊದಲು ಬಂದ ಪೆಟ್ಟಿಗೆ ಕುರಿಯ ಲಸಿಕೆಯದೇ ಆಗಿತ್ತು. ಅದನ್ನು ನೋಡಿದಾಗ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ವಾಪಸು ಕಳಿಸಿ, ಸಿಕ್ಕಸಿಕ್ಕವರಿಗೆ ಫೋನು ಮಾಡಿ, ಮೇಕೆಯ ಲಸಿಕೆ ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು. ಪುಡಿಗೆ ದ್ರಾವಣ ಸೇರಿಸಿದ ಮೇಲೆ ಲಸಿಕೆಯನ್ನು ಮಂಜುಗಡ್ಡೆಯ ಮೇಲೇ ಇಟ್ಟುಕೊಂಡು ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಸೀಸೆ ತೆರೆದು ಕಾಯುತ್ತ ನಿಂತರೆ ಮೇಕೆಗಳು ಬರುತ್ತಿರಲಿಲ್ಲ. ಸೂಜಿ ಹಾಕಿಸಿದರೆ ಹಾಲು ಬತ್ತುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಆಗ ಉಡುತಡಿಯ ಆ ಹೆಂಗಸು ತಮ್ಮ ಮೇಕೆಗಳನ್ನು ಎಲ್ಲರಿಗಿಂತ ಮೊದಲು ಎಳೆದುಕೊಂಡು ಬಂದರು.

“ನನ್ನ ಹಕ್ಕಲು ಹೋತು, ಇನ್ನು ಮೇಕೆನೂ ಹೋಗ್ಲೇನು? ಹಾಕ್ರಿ ಮೇಡಂ. ನಾಳೆ ಎಲ್ಲರ ಮುಂದೆ ಹಾಲು ಕರೀತೀನಿ.”

ಕರೆದರು ಕೂಡ. ಅದಾದ ಮೇಲೆ ಮೇಕೆಗಳು ಬಂದವು. ಸೊರಬದ ಸಹೋದ್ಯೋಗಿಯೂ ಕೊನೆಗೆ ಜಡೆಯ ಕಡೆ ಲಸಿಕೆ ಹಾಕಿಸಿದರು, ಮೊದಲಿನಿಂದಲೂ ಇದು ತಮ್ಮದೇ ಯೋಚನೆ ಎಂಬಂತೆ ಹೇಳಿಕೊಂಡರು. ಹೇಳಿಕೊಳ್ಳಲಿ, ಕೆಲಸ ಆಯಿತಲ್ಲ.

ಹಕ್ಕಲಿನಲ್ಲಿ ಮಾತ್ರ ನನ್ನಿಂದ ಹೆಚ್ಚೇನೂ ಆಗಲಿಲ್ಲ. ಪರ್ಮಾಂಗನೇಟ್ ಕರಗಿಸಿದ ನೀರಿನಲ್ಲಿ ಹುಣ್ಣು ತೊಳೆದು, ನೊಣಕ್ಕೆ ಬೇವಿನೆಣ್ಣೆ ಸವರಿ, ಜ್ವರ ಬಂದವಕ್ಕೆ ಇಂಜೆಕ್ಷನ್ ಕೊಟ್ಟೆ. ದೊಡ್ಡ ಕುರಿಗಳು ಬಹುತೇಕ ತಡೆದುಕೊಂಡವು. ಮರಿಗಳು ತಡೆದುಕೊಳ್ಳಲಿಲ್ಲ. ಸಿಡುಬು ಅವುಗಳ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಬಾಯಿ ತೆರೆದು ಉಸಿರು ಎಳೆಯುತ್ತ ತಾಯಿಯ ಪಕ್ಕದಲ್ಲೇ ಸಾಯುತ್ತಿದ್ದವು. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು, ಚರ್ಮ ಸುಲಿಯಬಾರದು ಎಂದು ಹೇಳಿದ್ದೆ. ಕುರಿಗಾಹಿಯ ಹೆಂಡತಿ ಪ್ರತಿ ಮರಿಯನ್ನೂ ಗುಂಡಿಗೆ ಇಳಿಸುವ ಮೊದಲು ಅದರ ಮೋರೆ ಒರೆಸುತ್ತಿದ್ದರು. ಒಂದು ದಿನ ನಾನು ಅಳು ತಡೆಯಲಾರದೆ ಸ್ಕೂಟರಿನ ಹತ್ತಿರ ಹೋಗಿ ನಿಂತೆ. ಕುರಿಗಾಹಿ ಬಂದು ಪಕ್ಕದಲ್ಲಿ ನಿಂತರು.

“ತಾಯಿಗೊಳು ಉಳದಾವಲ್ರಿ ಅಕ್ಕಾರ. ಮತ್ತ ಈಯತಾವು” ಎಂದರು. ಸಮಾಧಾನ ಹೇಳಬೇಕಾದವಳು ನಾನು.

ಚಕ್ಕೆಗಳೆಲ್ಲ ಉದುರಿದವು. ಉದುರಿದ ಮೇಲೂ ಸಾಕಷ್ಟು ದಿನ ತಡೆದೆ. ಊರಿನ ಒಂದು ಮೇಕೆಗೂ ಗಂಟು ಏಳಲಿಲ್ಲ. ಕೊನೆಗೆ ಹಿಂಡು ಹೊರಡಬಹುದು ಎಂದಾಗ ಅವರು ಕೇಳಿದ್ದು ಒಂದೇ: ಜಡೆಗೆ ಹೋಗಬಹುದಾ? ಹೋಗಬಹುದು ಎಂದೆ. ಒಮ್ಮೆ ಸಿಡುಬು ಬಂದು ವಾಸಿಯಾದ ಕುರಿಗೆ ಅದು ಮತ್ತೆ ಬರುವುದಿಲ್ಲ. ಆ ಹೊತ್ತಿಗೆ ಎರಡೂ ತಾಲ್ಲೂಕಿನಲ್ಲಿ ಅದಕ್ಕಿಂತ ನಿರಪಾಯದ ಹಿಂಡು ಇರಲಿಲ್ಲ. ಮುಂಚಿತವಾಗಿ ತಿಳಿಸೋಣವೆಂದು ನಾನೇ ಜಡೆಗೆ ಹೋದೆ, ಈ ಸಲ ಅಂಗಳದೊಳಗೆ ಹೋಗಿ ಕಾಫಿ ಕುಡಿದೆ.

“ಬ್ಯಾಡ ಬಿಡಿ” ಎಂದರು ಯಜಮಾನರು.

“ಏನು ಬೇಡ?”

“ಕುರಿ. ಸಿಡುಬು ಬಂದ ಹಿಂಡಲ್ವಾ.”

ರೋಗ ಮೈಯೊಳಗಿದ್ದಾಗ ಬರಲೇಬೇಕು ಎಂದು ಗೇಟು ಹಿಡಿದು ನಿಂತ ಮನುಷ್ಯ, ರೋಗ ಪೂರ್ತಿ ಹೋದ ಮೇಲೆ ಬೇಡ ಎನ್ನುತ್ತಿದ್ದಾರೆ. ವಿವರಿಸಿದೆ. ಮತ್ತೆ ವಿವರಿಸಿದೆ. ಅವರ ಹೆಂಡತಿಯೂ ನನ್ನ ಪರ ಮಾತಾಡಿದರು. ಅವರು ಎಲ್ಲಕ್ಕೂ ಹ್ಞೂಂಗುಟ್ಟಿದರು.

“ನೀವು ಹೇಳಾದು ನಂಗೆ ತಿಳೀತದೆ. ಊರಿಗೆ ತಿಳೀಬೇಕಲ್ಲ? ನಾಳೆ ಯಾರ ಮೇಕೆ ಕೆಮ್ಮಿದ್ರೂ ನನ್ನ ಗದ್ದೆ ಹೆಸರು ಹೇಳ್ತಾರೆ.”

ಇದನ್ನು ಹೇಳಬೇಕಲ್ಲ ಎಂದು ಹಕ್ಕಲಿನವರೆಗೂ ಸಂಕಟಪಟ್ಟುಕೊಂಡು ಬಂದೆ. ಹೇಳಿದೆ. ಕುರಿಗಾಹಿ ಬಲೆ ಸುತ್ತುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಬ್ಯಾಡಂದ್ರ ಗದ್ದಿ ಒಳಗ ಇಳಸೂದಿಲ್ರಿ. ಆದ್ರ ರಾತ್ರಿ ನಂದು ಬಾಕಿ ಐತಿ. ನಾ ಹೋಗಾಂವ.”

ಹೋದರು. ಗದ್ದೆಯ ಬದುವಿಗೂ ಬಸ್ಸಿನ ರಸ್ತೆಗೂ ನಡುವೆ ಖಾಲಿ ಜಾಗವೊಂದಿತ್ತು, ಯಾರದೂ ಅಲ್ಲದ್ದು. ಅಲ್ಲಿ ಬಲೆ ಕಟ್ಟಿ ಹಿಂಡನ್ನು ಇಳಿಸಿದರು. ಕೊಟ್ಟ ಮಾತಿನಂತೆ ಮೂರು ರಾತ್ರಿ. ಗದ್ದೆಯವರ ಮನೆಯಿಂದ ನೀರು ಕೂಡ ಕೇಳಲಿಲ್ಲ. ಮೂರನೆಯ ರಾತ್ರಿ ಕಳೆದು ಬೆಳಗಾದ ಮೇಲೆ, ಕೊನೆಯ ಸಲ ಹಿಂಡನ್ನು ನೋಡಿಬಿಡೋಣ ಎಂದು ನಾನು ಹೋದೆ. ಕುರಿಗಳು ಆಗಲೇ ರಸ್ತೆಗೆ ಏರುತ್ತಿದ್ದವು. ಮರಿ ಕಳೆದುಕೊಂಡ ತಾಯಿಗಳು ಅತ್ತಿತ್ತ ನೋಡಿ ಕೂಗುತ್ತಿದ್ದವು. ಖಾಲಿಯಾದ ಜಾಗದಲ್ಲಿ ಜಡೆಯ ಯಜಮಾನರು ಬಗ್ಗಿಕೊಂಡು ಹಿಕ್ಕೆ ಬಳಿದು ಪುಟ್ಟಿಗೆ ತುಂಬುತ್ತಿದ್ದರು. ಬದುವಿನ ಒಳಗಡೆ ಆಗಲೇ ಒಂದು ಗುಡ್ಡೆ ಆಗಿತ್ತು.

“ಇದು ಪರವಾಗಿಲ್ಲವಾ?” ಎಂದೆ.

“ಕುರಿ ಬ್ಯಾಡ ಅಂದಿದ್ದೆ ಮೇಡಂ. ಗೊಬ್ಬರ ಬ್ಯಾಡ ಅಂದಿರ್ಲಿಲ್ಲ.”

ಇಷ್ಟು ದಿನ ಹಿಡಿದಿಟ್ಟುಕೊಂಡದ್ದೆಲ್ಲ ಬಾಯಿಗೆ ಬಂತು. ಅಗೋ ಹೋಗುತ್ತಿದ್ದಾರಲ್ಲ, ಆ ಮಾತನ್ನು ಅವರ ಎದುರಿಗೆ ಹೋಗಿ ಹೇಳಿ ಎಂದು ರಸ್ತೆಯಲ್ಲೇ ಜೋರು ಮಾಡಿದೆ. ಅವರು ಪುಟ್ಟಿ ಕೆಳಗಿಟ್ಟರು. ಕೈ ಒರೆಸಿಕೊಂಡು ಕುರಿಗಾಹಿಯ ಹತ್ತಿರ ಹೋದರು. ನಾಚಿಕೆಯಾಗಿತ್ತು ಎಂದು ಕಾಣುತ್ತದೆ, ನೆಲ ನೋಡಿಕೊಂಡೇ ಮಾತಾಡಿದರು.

“ಬರೋ ವರ್ಷ ಗದ್ದೆ ಒಳಗೇ ಇಳಿಸು ಮಾರಾಯ. ಮೊದಲ್ನೇ ಪಾಳಿ ನಂದು ಅಂತ ಆಗ್ಲೇ ಮಾತಾಗಿದೆಯಲ್ಲ.”

ಕುರಿಗಾಹಿ ಕಂಬಳಿಯನ್ನು ಹೆಗಲಿಗೆ ಸರಿಪಡಿಸಿಕೊಂಡರು.

“ಅದು ನೀವು ಆಡಿದ ಮಾತ್ರಿ, ಗೌಡ್ರ. ನಾ ಹೂಂ ಅಂದಿಲ್ಲ. ಮೊದಲ್ನೇ ಪಾಳಿ ಹಕ್ಕಲು ಕೊಟ್ಟ ಆ ಅಮ್ಮಾರದು. ಆಕಿ ಗದ್ದಿ ಆದ ಮ್ಯಾಲ ಉಡುತಡಿ ಕಡೆಯವು, ಬಂದಳಿಕಿ ಕಡೆಯವು. ನಿಮ್ದು ಆಮ್ಯಾಲ.”

“ಆಮೇಲೆ ಅಂದ್ರೆ ಯಾವಾಗ?” ಎಂದು ಯಜಮಾನರು ಕೇಳಿದರು.

ಕುರಿಗಾಹಿ ಆಗಲೇ ಹಿಂಡಿನ ಮುಂದಕ್ಕೆ ನಡೆದಿದ್ದರು.